ಮಂದ್ರದ ಬಿಡುವು

ಕೆರೆಯ ಕಪ್ಪೆಗಳ ಹಾಡು ಕೇಳಲು ಬಾತುಕೋಳಿಗಳೂ ಬರುತ್ತಿದ್ದವು. ಮರಿಕಪ್ಪೆಗಳು ಮೇಲಿನ ದನಿಯಲ್ಲಿ ರಾಗ ತೆಗೆದರೆ, ಮುದಿಕಪ್ಪೆ ಮಂದ್ರದಲ್ಲಿ ಒಮ್ಮೆ 'ಗೊಂ' ಎಂದು ಸುಮ್ಮನಾಗುತ್ತಿತ್ತು. ಆಗ ಎಲ್ಲವೂ ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದವು. ಜೊಂಡಿನಲ್ಲಿ ಹಾವು ಸರಿದಾಡಿದರೆ ಆ ಬಿಡುವಿನಲ್ಲೇ ಸದ್ದು ಕೇಳಿಸಿ, ಕಪ್ಪೆಗಳು ಥಟ್ಟನೆ ನೀರಿಗೆ ಹಾರುತ್ತಿದ್ದವು.

"ಅಜ್ಜಾ, ನಿಮ್ಮ ಹಾಡನ್ನು ಯಾರೂ ಹೊಗಳುವುದಿಲ್ಲ," ಎಂದಿತು ಒಂದು ಮರಿ. "ನಡುನಡುವೆ ಬಾಯಿ ಮುಚ್ಚಿ ಕೂತರೆ ಅದು ಹಾಡೇ?"

ಮಾತು ಮುದಿಕಪ್ಪೆಗೆ ನಾಟಿತು. ತನಗೂ ಒಮ್ಮೆ ಹೊಗಳಿಕೆ ಬೇಕೆನಿಸಿತು. ಮರುದಿನ ಸಂಜೆ ಅದು ಬಿಡುವೇ ಕೊಡದೆ ಹಾಡಿತು. ಮರಿಗಳೂ ನಿಲ್ಲದೆ ಜೊತೆಗೂಡಿದವು.

"ಇಂದು ಅಜ್ಜನದೇ ಹಾಡು," ಎಂದು ಬಾತುಗಳು ತಲೆದೂಗಿದವು.

ಜೊಂಡು ಅಲುಗಿದ್ದು ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನಿಂದ ಹಾವು ಒಂದೊಂದೇ ಮರಿಯನ್ನು ನುಂಗುತ್ತ ಬಂತು. ಕಣ್ಣು ಮುಚ್ಚಿ ಹಾಡುತ್ತಿದ್ದ ಮುದಿಕಪ್ಪೆ ಉಸಿರು ಸಾಲದೆ ನಿಲ್ಲಿಸಿದಾಗ, ಕೆರೆಯಲ್ಲಿ ಬೇರೆ ದನಿಯೇ ಇರಲಿಲ್ಲ.