ಬಳೆ ತೊಡಿಸುವ ಕೈ

ಬಳೆಗಾರ್ತಿ ನೀಲವ್ವನ ಅಂಗೈಯಲ್ಲಿದ್ದ ನರಕ್ಕೆ ಸ್ನಾಯುವಿನ ಎಳೆಗಳೆಲ್ಲ ಆಳುಗಳು. ಎಳೆಗಳಿಗೆ ಅರೆಬರೆ ಎಳೆಯುವುದು ಗೊತ್ತಿರಲಿಲ್ಲ. ಕರೆ ಬಂದರೆ ಪೂರ್ತಿ ಎಳೆಯುವುದು, ಬಾರದಿದ್ದರೆ ಸುಮ್ಮನಿರುವುದು. ಯಾವ ಕೆಲಸಕ್ಕೆ ಎಷ್ಟು ಆಳುಗಳು ಬೇಕೆಂಬುದನ್ನು ನರವೇ ತೂಗಿ ನೋಡಬೇಕಿತ್ತು. ಗಾಜಿನ ಬಳೆ ತೊಡಿಸುವಾಗ ಅದು ಸಣ್ಣ ಎಳೆಗಳನ್ನಷ್ಟೇ ಕರೆಯುತ್ತಿತ್ತು.

ಇದು ದಪ್ಪ ಎಳೆಗಳಿಗೆ ಹಿಡಿಸಲಿಲ್ಲ. "ಧಣಿ, ಬಳೆಯ ಪೆಟ್ಟಿಗೆ ಎತ್ತುವುದಕ್ಕೆ ಮಾತ್ರ ನಾವು ಬೇಕು. ಹೆಂಗಸರು ಹೊಗಳುವ ಹೊತ್ತಿಗೆ ನಮ್ಮ ನೆನಪೇ ಇಲ್ಲ" ಎಂದು ದಿನವೂ ಗೊಣಗುತ್ತಿದ್ದವು. ಕೇಳಿ ಕೇಳಿ ನರಕ್ಕೆ ಸಾಕಾಗಿತ್ತು.

ಅಂದು ಗಿರಿಜವ್ವನ ಸೀಮಂತ. ಬಸುರಿಯ ಕೈ ಊದಿಕೊಂಡು, ಹಸಿರು ಬಳೆ ಬೆರಳ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು. ನೀಲವ್ವ ಅವಳ ಅಂಗೈಯನ್ನು ಮೆಲ್ಲಗೆ ಒತ್ತಿ ಮಡಿಸುತ್ತಿದ್ದಳು.

"ಧಣಿ, ಈಗಲಾದರೂ ಕರೆಯಿರಿ!" ಎಂದವು ದಪ್ಪ ಎಳೆಗಳು.

"ಆಗಲಿ, ಬನ್ನಿ. ನಿಮ್ಮ ಗೊಣಗಾಟವಾದರೂ ನಿಲ್ಲಲಿ" ಎಂದು ನರ ಎಲ್ಲರನ್ನೂ ಒಟ್ಟಿಗೆ ಕರೆಯಿತು.

ಬಳೆ ಚೂರಾಯಿತು. ಗಿರಿಜವ್ವನ ಕೈಯಿಂದ ರಕ್ತ ಜಿನುಗಿತು. ಹಾಡುತ್ತಿದ್ದ ಹೆಂಗಸರು ಎದ್ದು ಅವಳ ಬಳಿಗೆ ಓಡಿಬಂದರು.

"ಸಾಕು ಬಿಡು ನೀಲವ್ವ. ಉಳಿದ ಬಳೆ ಬೇರೆ ಯಾರಾದರೂ ತೊಡಿಸಲಿ" ಎಂದಳು ಗಿರಿಜವ್ವನ ಅತ್ತೆ.

ಒಳಗೆ ದಪ್ಪ ಎಳೆಗಳು ಹಿಗ್ಗಿಹೋಗಿದ್ದವು. "ಧಣಿ, ಚೆನ್ನಾಗಿ ಎಳೆದೆವಲ್ಲವೇ?"

ಬೈಯೋಣವೆಂದರೆ ಕರೆದದ್ದು ನರವೇ. "ಚೆನ್ನಾಗಿಯೇ ಎಳೆದಿರಿ" ಎಂದಿತು.

ಆಮೇಲೆ ನೆಲದ ಮೇಲಿನ ಗಾಜಿನ ಚೂರುಗಳನ್ನು ಆರಿಸಲು ಅದು ಸಣ್ಣ ಎಳೆಗಳನ್ನಷ್ಟೇ ಕರೆಯಿತು.