ಸಾಹೇಬರು ಜಪ್ತಿ ಮಾಡಿದ ಎಮ್ಮೆಗಳು

ಫಕೀರವ್ವ ಎಮ್ಮೆ ಹೊಡೆದುಕೊಂಡು ಕೆರೆಯಿಂದ ಮನೆಗೆ ಹೊರಟಿದ್ದಳು. ಹಿಂದಿನಿಂದ ಜೀಪೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಬೆದರಿದ ಎಮ್ಮೆಗಳು ನಡುರಸ್ತೆಯಲ್ಲೇ ನಿಂತುಬಿಟ್ಟವು. ಜೀಪಿನಿಂದ ಇಳಿದ ಸಾಹೇಬರು ಗಬ್ಬದ ಎಮ್ಮೆಗೆ ಬೂಟುಗಾಲಲ್ಲಿ ಒದ್ದರು.

ಫಕೀರವ್ವನ ಮೈಯೆಲ್ಲ ಉರಿದುಹೋಯಿತು. “ಗಬ್ಬದ ಎಮ್ಮಿಗೆ ಒದೀತೀರೇನ್ರಿ?”

“ನನಗೇ ಎದುರು ಮಾತಾ? ಇವೆಲ್ಲ ಜಪ್ತಿ! ಇನ್ನು ಸರ್ಕಾರದ ಎಮ್ಮೆಗಳು. ಮುಟ್ಟಿದರೆ ಜೈಲಿಗೆ ಹಾಕಿಸ್ತೀನಿ!”

ಫಕೀರವ್ವ ಕೈಲಿದ್ದ ಕೋಲನ್ನು ಸಾಹೇಬರ ಕೈಗೆ ತುರುಕಿ, ಬೇವಿನ ನೆರಳಲ್ಲಿ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು.

ಸಾಹೇಬರು “ಹೈ, ಹೈ” ಎಂದರು. ಡ್ರೈವರ್ ಬಾಲ ತಿರುವಿದ. ಎಮ್ಮೆಗಳು ಒಂದೊಂದಾಗಿ ಅಲ್ಲೇ ಮಲಗಿ ಮೆಲುಕು ಹಾಕತೊಡಗಿದವು. ಅತ್ತ ಸಾಹೇಬರು ಹೋಗಬೇಕಿದ್ದ ಸಭೆಯಿಂದ ಮೇಲಧಿಕಾರಿಯ ಫೋನಿನ ಮೇಲೆ ಫೋನು.

“ಏಯ್, ಬಂದು ಎಬ್ಬಿಸು!”

“ಸರ್ಕಾರದ ಎಮ್ಮಿ ನಾ ಹೆಂಗ ಮುಟ್ಟಲ್ರಿ? ಜೈಲಿಗೆ ಹಾಕಸ್ತೀರಿ.”

ಸಾಹೇಬರಿಗೆ ಬೆವರಿಳಿಯಿತು. “ಜಪ್ತಿ ಇಲ್ಲವ್ವಾ, ಎಲ್ಲಾ ನಿನ್ನವೇ. ತಪ್ಪಾಯ್ತು!”

“ನನಗಲ್ರಿ. ಒದಿಸಿಕೊಂಡಾಕಿಗೆ ಹೇಳ್ರಿ.”

ಸಾಹೇಬರು ಎಮ್ಮೆಯತ್ತ ತಿರುಗಿ ಕೈಮುಗಿದರು.

ಫಕೀರವ್ವ ಎದ್ದು ಒಂದು ಕೂಗು ಹಾಕಿದಳು. ಎಮ್ಮೆಗಳು ಎದ್ದು ಅವಳ ಹಿಂದೆ ಹೊಲದ ದಾರಿ ಹಿಡಿದವು. ಸಾಹೇಬರು ಕೋಲು ಚಾಚಿದರು.

“ಇಟ್ಕೊರ್ರಿ,” ಎಂದಳು ತಿರುಗಿಯೂ ನೋಡದೆ. “ಮುಂದ ನಮ್ಮ ತಂಗಿ ಇದಕ್ಕಿಂತ ದೊಡ್ಡ ಹಿಂಡು ಹೊಡಕೊಂಡು ಬರಾಕತ್ತಾಳ. ಜಪ್ತಿ ಮಾಡಾಕ ಬೇಕಾದೀತು.”