ಓರೆದೀಪದ ದಿಬ್ಬ

ನಮ್ಮ ಸುಣ್ಣದ ಪೇಟೆಯ ಹಿಂದಿನ ಬಯಲಿನಲ್ಲಿ, ನನ್ನ ಸಿಮೆಂಟ್ ಗೋದಾಮಿನ ಪಕ್ಕಕ್ಕೆ, ಆಳೆತ್ತರದ ಒಂದು ದಿಬ್ಬವಿದೆ. ಅದರ ಮೇಲೊಂದು ಕಲ್ಲಿನ ದೀಪದ ಗೂಡು. ಬಯಲಿನ ಆಚೆ ತುದಿಗೆ ನಾಟಕದ ಕಟ್ಟೆ. ಗೂಡಿನ ಬಾಯಿ ಮಾತ್ರ ಕಟ್ಟೆಯ ನಡುವಿಗಿಲ್ಲ, ಎಡಕ್ಕೆ ಓರೆಯಾಗಿದೆ. ಕಟ್ಟಿದವನ ಕೈ ತಪ್ಪಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ತಪ್ಪಿಲ್ಲ.

ಎಲ್ಲರ ಕಣ್ಣಿಗೆ ಬಿದ್ದವನನ್ನು ಇಂಗ್ಲಿಷಿನವರು ಲೈಮ್‌ಲೈಟಿನಲ್ಲಿದ್ದಾನೆ ಎನ್ನುತ್ತಾರೆ. ಆ ಲೈಮ್ ಅಂದರೆ ನಮ್ಮ ಪೇಟೆ ತೂಗಿ ಮಾರುತ್ತಿದ್ದ ಸುಣ್ಣವೇ. ಕರೆಂಟು ಬರುವ ಮುಂಚೆ ನಾಟಕದವರು ಸುಟ್ಟ ಸುಣ್ಣದ ಗಟ್ಟಿಗೆ ಗ್ಯಾಸಿನ ಉರಿ ಹಿಡಿಯುತ್ತಿದ್ದರು. ಗಟ್ಟಿ ಕಾದು ಬೆಳ್ಳಗೆ ಬೆಳಗುತ್ತಿತ್ತು. ಆ ಬೆಳಕು ಬಿದ್ದವನೊಬ್ಬನೇ ಜನರಿಗೆ ಕಾಣುವವನು, ಉಳಿದದ್ದೆಲ್ಲ ಕತ್ತಲೆ.

ಹಿಂದೆ ಒಮ್ಮೆ ಇಂಥ ದೀಪ ಇಟ್ಟುಕೊಂಡು ಗುರುಶಾಂತಪ್ಪನ ಕಂಪನಿ ಇಲ್ಲಿ ಮೊಕ್ಕಾಂ ಹೂಡಿತ್ತಂತೆ. ಮಾಲೀಕನೂ ಅವನೇ, ರಾಜನ ಪಾರ್ಟೂ ಅವನದೇ. ದಿಬ್ಬದ ಮೇಲೆ ಕೂತು ದೀಪ ನೋಡಿಕೊಳ್ಳುತ್ತಿದ್ದವನು ದಾವಲಸಾಬ. "ಬೆಳಕು ನನ್ನ ಮ್ಯಾಲಿಂದ ಸರೀತಂದ್ರ ನಿನ್ನ ಕೂಳೂ ಸರೀತು ಅಂತ ತಿಳಕೊ, ಸಾಬ" ಎಂದು ಮಾಲೀಕ ಮೊದಲೇ ಹೇಳಿಟ್ಟಿದ್ದ. ದೇವಿಯ ಪಾರ್ಟು ಸೋನವ್ವನದು, ಆ ಕಂಪನಿ ನಡೆಯುತ್ತಿದ್ದದ್ದೇ ಅವಳ ದನಿಯ ಮೇಲೆ. ಅವಳು ಎಡಬದಿಯ ತೊಲೆಯಿಂದ ಹಗ್ಗದಲ್ಲಿ ತೂಗಿಕೊಂಡು ಕತ್ತಲಲ್ಲಿ ಕಾಯಬೇಕು, ರಾಜನ ಹಾಡು ಮುಗಿದ ಮೇಲೆ ಆಕಾಶದಿಂದ ಇಳಿಯಬೇಕು. ಅಂದು ಹಾಡು ಮುಗಿಯಲೇ ಇಲ್ಲ. ಜನ ವನ್ಸ್ ಮೋರ್ ಎಂದರು, ಗುರುಶಾಂತಪ್ಪ ಮತ್ತೆ ಹಾಡಿದ. ಮತ್ತೆ ಕೂಗಿದರು. "ಹಾಡಿಬಿಡೋ ಮಾರಾಜಾ, ದೇವಿ ಇಳಿದಳಂದ್ರ ನಿನ್ನ ಯಾರ್ ಕೇಳ್ತಾರ" ಎಂದು ಒಬ್ಬ ಚೇಷ್ಟೆ ಮಾಡಿದ, ಬಯಲೆಲ್ಲ ನಕ್ಕಿತು. ಅಷ್ಟರಲ್ಲಿ ಕಂಕುಳಿಗೆ ಕಟ್ಟಿದ ಹಗ್ಗ ಜಾರಿ ಸೋನವ್ವನ ಕುತ್ತಿಗೆಗೆ ಬಂದಿತ್ತು. ಅವಳ ಕಾಲು ಒದ್ದಾಡುವುದು ಬೆಳಕಿನ ಹಿಂದೆ ಕೂತವನಿಗೆ ಮಾತ್ರ ಕಂಡಿತು.

ದಾವಲಸಾಬ ದೀಪ ತಿರುವಿದ. ಕಂಡ ಕೂಡಲೇ ತಿರುವಿದ ಎನ್ನುವವರಿದ್ದಾರೆ. ಪಲ್ಲವಿ ಮುಗಿಯಲೆಂದು ಕಾದ ಎನ್ನುತ್ತಾರೆ ಹಿರಿಯರು. ಹೊಟ್ಟೆಪಾಡಿನವನು, ಕಾದೇ ಇರುತ್ತಾನೆ. "ಬೆಳಕು ಎಲ್ಲಿ ಹೊಂಟಿತಲೇ" ಎಂದು ಗುರುಶಾಂತಪ್ಪ ಹಾಡು ನಿಲ್ಲಿಸಿ ಕೇಳಿದಾಗಲೇ ಜನ ಎಡಕ್ಕೆ ನೋಡಿದ್ದು. ಇಳಿಸಿದಾಗ ಜೀವವಿತ್ತು. ದನಿ ಇರಲಿಲ್ಲ, ಮತ್ತೆ ಬರಲೂ ಇಲ್ಲ. ಕಂಪನಿ ಇಬ್ಬರನ್ನೂ ಇಲ್ಲೇ ಬಿಟ್ಟು ಹೋಯಿತು. ಸೋನವ್ವ ಸುಣ್ಣದ ಭಟ್ಟಿಯಲ್ಲಿ ಬುಟ್ಟಿ ಹೊತ್ತಳು. ದಾವಲಸಾಬ ದಿಬ್ಬದ ಮೇಲೆ ಗೂಡು ಕಟ್ಟಿ ಅದರ ಬಾಯನ್ನು ಆ ತೊಲೆಯ ಕಡೆಗೇ ಇಟ್ಟ, ದಿಬ್ಬಕ್ಕೆ ಹೆಸರು ಬಂದದ್ದು ಹಾಗೆ. ಅವಳು ಮಾತ್ರ ಒಮ್ಮೆಯೂ ಅದನ್ನು ಹತ್ತಲಿಲ್ಲ ಎನ್ನುತ್ತಾರೆ.

ಇಂದಿಗೂ ಆಟಕ್ಕೆ ಮೊದಲು ಗೂಡಿನಲ್ಲಿ ಹಣತೆ ಹಚ್ಚುತ್ತಾರೆ. ಅದು ನೋಡುವುದು ಕಟ್ಟೆಯ ಎಡಮೂಲೆಯನ್ನು, ಅಲ್ಲಿ ಯಾರೂ ನಿಲ್ಲುವುದಿಲ್ಲ. ಹಾಡು ಎಷ್ಟೇ ಚೆನ್ನಾಗಿರಲಿ, ನಮ್ಮೂರಿನವರು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ. ಇನ್ನೊಮ್ಮೆ ಎನ್ನುವುದಿಲ್ಲ.